ಮನೆಯ ಕಥೆಯೂ ಇತಿಹಾಸವೇ

1605ನೇ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಮೊಗಲ್ ಚಕ್ರವರ್ತಿ ಅಕ್ಬರ್ ಆಗ್ರಾದಲ್ಲಿ ತೀರಿಕೊಂಡ. ಮಗ ಸಲೀಮ್, ಜಹಾಂಗೀರ್ ಎಂಬ ಹೆಸರಿನಿಂದ ಪಟ್ಟಕ್ಕೆ ಬಂದ. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಸಂಗತಿಗೆ ಸಿಗುವುದು ಎರಡೇ ವಾಕ್ಯ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಎರಡು ವಾಕ್ಯಗಳ ನಡುವೆ ಜನ ಬದುಕಿದ ಕೆಲವು ದಿನಗಳಿವೆ. ಅರಸನಿಲ್ಲದ ಆ ದಿನಗಳಲ್ಲಿ ದೂರದ ಊರಿನ ಅಂಗಡಿಕಾರ ಏನು ಮಾಡಿದ? ಸಾಮಾನ್ಯ ಸಂಸಾರಗಳು ಹೇಗಿದ್ದವು? ಇದನ್ನು ನಮಗೆ ಮನಮುಟ್ಟುವಂತೆ ತಿಳಿಸಿದವನು ಆಸ್ಥಾನದ ಚರಿತ್ರಕಾರನಲ್ಲ, ಒಬ್ಬ ವ್ಯಾಪಾರಿ. ಅದೂ 36 ವರ್ಷಗಳ ನಂತರ, ತನ್ನ ಇಳಿವಯಸ್ಸಿನಲ್ಲಿ ಕುಳಿತು ಬರೆದ ಸ್ವಂತ ಕಥೆಯಲ್ಲಿ.

ಆತನ ಹೆಸರು ಬನಾರಸೀದಾಸ. ಇಂದಿನ ಉತ್ತರ ಪ್ರದೇಶದ ಜೌನ್‌ಪುರದಲ್ಲಿ 1586ರಲ್ಲಿ, ಜೈನ ವರ್ತಕರ ಮನೆತನದಲ್ಲಿ ಹುಟ್ಟಿದವನು. 1641ರಲ್ಲಿ, ತನಗೆ 55 ವರ್ಷ ತುಂಬಿದಾಗ, ಆಗ್ರಾದಲ್ಲಿದ್ದುಕೊಂಡು 675 ಪದ್ಯಗಳಲ್ಲಿ ತನ್ನ ಜೀವನವನ್ನು ಬರೆದ. ಮನುಷ್ಯನ ಪೂರ್ಣ ಆಯುಷ್ಯ 110 ವರ್ಷ, ತನ್ನದು ಅದರಲ್ಲಿ ಅರ್ಧವಷ್ಟೇ ಮುಗಿದಿದೆ ಎಂದು ಲೆಕ್ಕ ಹಾಕಿ, ಕೃತಿಗೆ ‘ಅರ್ಧಕಥಾನಕ’ ಎಂದು ಹೆಸರಿಟ್ಟ. ಭಾರತೀಯ ಭಾಷೆಗಳಲ್ಲಿ ದೊರೆತಿರುವ ಅತ್ಯಂತ ಹಳೆಯ ಆತ್ಮಕಥೆಗಳಲ್ಲಿ ಇದೂ ಒಂದು.

ಅಕ್ಬರ್ ಸತ್ತ ಸುದ್ದಿ ಜೌನ್‌ಪುರಕ್ಕೆ ಬಂದಾಗ ಬನಾರಸೀದಾಸನಿಗೆ 19 ವರ್ಷ. ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದವನು ಸುದ್ದಿ ಕೇಳಿ ತತ್ತರಿಸಿ ಕೆಳಗೆ ಬಿದ್ದ. ತಲೆ ಒಡೆದು ರಕ್ತ ಬಂತು. ಊರಲ್ಲಿ ಅಂಗಡಿಗಳು ಮುಚ್ಚಿದವು. ಉಳ್ಳವರು ಒಡವೆಗಳನ್ನು ನೆಲದಲ್ಲಿ ಹೂತಿಟ್ಟರು, ಒಳ್ಳೆಯ ಬಟ್ಟೆ ಬಿಟ್ಟು ಒರಟು ಬಟ್ಟೆ ಉಟ್ಟರು. ಸಿರಿವಂತ ಯಾರು, ಬಡವ ಯಾರು ಎಂದು ಗುರುತಿಸುವುದೇ ಕಷ್ಟವಾಯಿತು. ಸುಮಾರು ಹತ್ತು ದಿನಗಳ ಮೇಲೆ ಆಗ್ರಾದಿಂದ ಕಾಗದ ಬಂತು: ಸಲೀಮ್ ಪಟ್ಟವೇರಿದ್ದಾನೆ, ಎಲ್ಲವೂ ಕ್ಷೇಮ. ಆಮೇಲಷ್ಟೇ ಜನ ಉಸಿರು ಬಿಟ್ಟರು.

ಒಬ್ಬ ಅರಸನ ಸಾವು ಪ್ರಜೆಗಳಿಗೆ ಏನಾಗಿತ್ತು ಎಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಬನಾರಸೀದಾಸ ಇಷ್ಟಕ್ಕೇ ನಿಲ್ಲಲಿಲ್ಲ. ವ್ಯಾಪಾರದಲ್ಲಿ ಕೈಸುಟ್ಟುಕೊಂಡದ್ದು, ಕೈಯಲ್ಲಿ ಕಾಸಿಲ್ಲದೆ ಆಗ್ರಾದಲ್ಲಿ ಒಬ್ಬ ಕಚೋರಿ ಮಾರುವವನ ಬಳಿ ತಿಂಗಳುಗಟ್ಟಲೆ ಸಾಲ ಹೇಳಿ ತಿಂದದ್ದು, ಹುಟ್ಟಿದ ಒಂಬತ್ತು ಮಕ್ಕಳೂ ತೀರಿಹೋದದ್ದು, ಎಲ್ಲವನ್ನೂ ಬರೆದ. ಕೊನೆಗೆ ತನ್ನ ಗುಣಗಳನ್ನೂ ದೋಷಗಳನ್ನೂ ಪಟ್ಟಿ ಮಾಡಿ ಇಟ್ಟ. ಉಳಿದ ಅರ್ಧ ಕಥೆಯನ್ನು ಬರೆಯುವಷ್ಟು ಆಯುಷ್ಯ ಅವನಿಗೆ ಸಿಗಲಿಲ್ಲ. ಆದರೂ ಆ ಕಾಲದ ವರ್ತಕರ ಜೀವನ, ಸಾಲ, ಪಾಲುದಾರಿಕೆ, ಪ್ರಯಾಣ ಇವುಗಳನ್ನು ಅಭ್ಯಾಸ ಮಾಡುವವರು ಇಂದಿಗೂ ‘ಅರ್ಧಕಥಾನಕ’ವನ್ನು ತೆರೆಯಲೇಬೇಕು.

ಹೀಗೆ ಬರೆಯಲು ಅಕ್ಷರ ಬೇಕು. ಅಕ್ಷರವನ್ನೇ ನಿರಾಕರಿಸಲ್ಪಟ್ಟವರ ಕಥೆ ಏನು? ಹತ್ತೊಂಬತ್ತನೆಯ ಶತಮಾನದ ಬಂಗಾಳದ ರಾಸಸುಂದರಿ ದೇವಿಯವರನ್ನು ನೋಡಿ. ಹನ್ನೆರಡನೆಯ ವಯಸ್ಸಿಗೆ ಮದುವೆ, ಹನ್ನೆರಡು ಮಕ್ಕಳು, ದೊಡ್ಡ ಸಂಸಾರದ ಅಡುಗೆಯ ಹೊರೆ. ಹೆಂಗಸು ಓದಿದರೆ ಕೇಡು ಎಂದು ನಂಬಿದ್ದ ಕಾಲ. ಆಕೆ ‘ಚೈತನ್ಯ ಭಾಗವತ’ದ ಒಂದು ಹಾಳೆಯನ್ನು ಅಡುಗೆಮನೆಯಲ್ಲಿ ಬಚ್ಚಿಟ್ಟುಕೊಂಡರು. ಮಗ ಅಕ್ಷರ ತಿದ್ದಿದ್ದ ತಾಳೆಗರಿಯೊಂದಿಗೆ ಅದನ್ನು ಹೋಲಿಸುತ್ತ, ಯಾರಿಗೂ ತಿಳಿಯದಂತೆ, ಒಂದೊಂದೇ ಅಕ್ಷರ ಕಲಿತರು. ಬರೆಯಲು ಕಲಿತದ್ದು ಇನ್ನೂ ಎಷ್ಟೋ ವರ್ಷಗಳ ನಂತರ. ಮುಪ್ಪಿನಲ್ಲಿ ಅವರು ಬರೆದ ‘ಆಮಾರ್ ಜೀಬನ್’, ಅಂದರೆ ‘ನನ್ನ ಜೀವನ’, ಬಂಗಾಳಿಯ ಮೊದಲ ಪೂರ್ಣ ಆತ್ಮಕಥೆ ಎನಿಸಿದೆ. ಹೆತ್ತ ತಾಯಿಯ ಕೊನೆಗಾಲದಲ್ಲಿ ಹೋಗಿ ನೋಡಲಾಗಲಿಲ್ಲವೆಂಬ ದುಃಖವನ್ನು ಅದರಲ್ಲಿ ಅವರು ಹೇಳಿಕೊಂಡಿದ್ದಾರೆ. ಈ ದುಃಖ ಯಾವ ಸರಕಾರಿ ಕಡತದಲ್ಲೂ ದಾಖಲಾಗುವಂಥದಲ್ಲ. ಆದರೆ ಅಂದಿನ ಹೆಣ್ಣುಮಕ್ಕಳ ಸ್ಥಿತಿಯನ್ನು ತಿಳಿಯಲು ಇದಕ್ಕಿಂತ ನೇರವಾದ ಸಾಕ್ಷ್ಯ ಯಾವುದಿದೆ?

ಕನ್ನಡದಲ್ಲಿಯೂ ಈ ಬಗೆಯ ಬರವಣಿಗೆಗೆ ಕೊರತೆಯಿಲ್ಲ. ಡಿ.ವಿ. ಗುಂಡಪ್ಪನವರ ಎಂಟು ಸಂಪುಟಗಳ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ದಿವಾನರು, ವಿದ್ವಾಂಸರು ಇರುವಂತೆಯೇ ಹೆಸರು ಮಾಡದ ಹಳ್ಳಿಗರೂ ಇದ್ದಾರೆ. ಮಾಸ್ತಿಯವರು ತಮ್ಮ ಜೀವನವನ್ನು ‘ಭಾವ’ ಎಂಬ ಮೂರು ಸಂಪುಟಗಳಲ್ಲಿ ಬರೆದಿಟ್ಟರು. ಇವರು ದೊಡ್ಡ ಲೇಖಕರು ಎಂಬುದು ನಿಜ. ಆದರೆ ಬನಾರಸೀದಾಸನಾಗಲಿ ರಾಸಸುಂದರಿಯಾಗಲಿ ಬರೆಯುವುದಕ್ಕೆ ದೊಡ್ಡವರಾಗಿರಬೇಕಿಲ್ಲ ಎಂದು ತೋರಿಸಿಕೊಟ್ಟಿದ್ದಾರೆ.

ವಿದ್ಯಾರ್ಥಿ ಮಿತ್ರರೆ, ಇಲ್ಲಿ ನೀವು ಒಂದು ಪ್ರಶ್ನೆ ಕೇಳಬಹುದು. ವಯಸ್ಸಾದವರ ನೆನಪನ್ನು ಎಷ್ಟರಮಟ್ಟಿಗೆ ನಂಬಬಹುದು? ವಿಜ್ಞಾನ ಓದಿದವನಿಗೆ ಮೊದಲು ಹೊಳೆಯುವ ಪ್ರಶ್ನೆಯೇ ಇದು. ನೆನಪು ಅಳತೆಗೋಲಲ್ಲ, ಅದು ಇಸವಿಗಳನ್ನು ಹಿಂದೆಮುಂದೆ ಮಾಡುತ್ತದೆ. ಆದರೆ ತಾಳೆ ನೋಡುವ ದಾರಿಯಿದೆ. ದೂರದರ್ಶನಕ್ಕಾಗಿ ಹಿರಿಯರನ್ನು ಮಾತನಾಡಿಸುವಾಗ ನಾವು ಗಮನಿಸಿದ್ದೇನೆಂದರೆ, ‘ಯಾವ ಇಸವಿ?’ ಎಂದು ಕೇಳಿದರೆ ಅವರು ತಡವರಿಸುತ್ತಾರೆ. ‘ಆಗ ಏನೇನು ನಡೆದಿತ್ತು?’ ಎಂದು ಕೇಳಿದರೆ ಮಾತು ಹರಿಯುತ್ತದೆ. ಅಜ್ಜಿಯೊಬ್ಬರು ‘ಆಣೆ ಹೋಗಿ ನಯಾಪೈಸೆ ಬಂದ ವರ್ಷ ನಾನು ಶಾಲೆಗೆ ಸೇರಿದ್ದು’ ಎಂದರೆ, ಅದು 1957. ಏಕೆಂದರೆ ರೂಪಾಯಿಗೆ ಹದಿನಾರು ಆಣೆ ಎಂಬ ಲೆಕ್ಕ ಹೋಗಿ ನೂರು ನಯಾಪೈಸೆ ಎಂದಾದದ್ದು ಆ ವರ್ಷದ ಏಪ್ರಿಲ್ 1ರಂದು. 1956ರ ನವೆಂಬರ್ 1ರ ರಾಜ್ಯ ಏಕೀಕರಣ, 1973ರಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು, 1975ರ ತುರ್ತು ಪರಿಸ್ಥಿತಿ, ಇವೆಲ್ಲ ಇಂಥವೇ ಗುರುತಿನ ಕಲ್ಲುಗಳು.

ಇನ್ನೊಂದು ಉದಾಹರಣೆ: 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ. ಗೇಣಿದಾರನ ಹೆಸರು ಪಹಣಿಗೆ ಏರಿದ್ದು ದಾಖಲೆಯಲ್ಲಿ ಸಿಗುತ್ತದೆ. ಆ ದಿನ ಆ ಮನೆಯಲ್ಲಿ ಏನಾಯಿತು, ಜಮೀನು ಬಿಟ್ಟುಕೊಟ್ಟ ಮನೆಯಲ್ಲಿ ಏನಾಯಿತು, ಆಮೇಲೆ ಎರಡು ಮನೆಯವರೂ ಮುಖ ಕೊಟ್ಟು ಮಾತನಾಡಿದರೇ ಎಂಬುದನ್ನು ಪಹಣಿ ಹೇಳುವುದಿಲ್ಲ. ಎರಡೂ ಮನೆಯ ಹಿರಿಯರು ಹೇಳಬೇಕು. ಒಬ್ಬರ ಮಾತಷ್ಟನ್ನೇ ಕೇಳಿದರೆ ಅರ್ಧ ಇತಿಹಾಸವಾದೀತು.

ಬರೆದುಕೊಳ್ಳುವವರಿಗೆ ಒಂದು ಎಚ್ಚರಿಕೆಯೂ ಅಗತ್ಯ. ಜೀವವಿಕಾಸವಾದದ ಚಾರ್ಲ್ಸ್ ಡಾರ್ವಿನ್ 1876ರಲ್ಲಿ, ತನ್ನ 67ನೇ ವಯಸ್ಸಿನಲ್ಲಿ, ಮಕ್ಕಳು ಮೊಮ್ಮಕ್ಕಳಿಗಾಗಿ ಆತ್ಮಕಥೆ ಬರೆದ. ಅವನ ಮರಣಾನಂತರ, 1887ರಲ್ಲಿ ಮಗ ಅದನ್ನು ಪ್ರಕಟಿಸಿದಾಗ, ಧರ್ಮದ ಬಗೆಗಿನ ಕೆಲವು ಮಾತುಗಳನ್ನು ಮನೆಯವರ ಇಚ್ಛೆಯಂತೆ ತೆಗೆದುಹಾಕಲಾಯಿತು. ಬಿಟ್ಟ ಭಾಗಗಳನ್ನು ಮೊಮ್ಮಗಳು ನೋರಾ ಬಾರ್ಲೋ 1958ರಲ್ಲಿ ಮತ್ತೆ ಸೇರಿಸಿದರು. ಓದುಗರು 71 ವರ್ಷ ಕಾಯಬೇಕಾಯಿತು. ಮೂಲ ಪ್ರತಿಯನ್ನು ಯಾರೂ ನಾಶ ಮಾಡಿರಲಿಲ್ಲವೆಂಬುದೇ ಪುಣ್ಯ. ಅಜ್ಜನ ಮಾತು ನಮಗೆ ಮುಜುಗರ ತಂದರೆ ಅದನ್ನು ಈಗಲೇ ಪ್ರಕಟಿಸಬೇಕೆಂದೇನಿಲ್ಲ. ಆದರೆ ತಿದ್ದಬಾರದು, ಹರಿಯಬಾರದು. ಹೇಳಿದ್ದನ್ನು ಹೇಳಿದಂತೆ ಬರೆದು, ದಿನಾಂಕ ಹಾಕಿ, ಎತ್ತಿಡಬೇಕು.

ಆಣೆ ಕಾಸಿನ ಲೆಕ್ಕದಲ್ಲಿ ಬೆಲ್ಲ ಕೊಂಡ ನೆನಪಿರುವವರಿಗೆ ಈಗ ಎಂಬತ್ತರ ಆಸುಪಾಸು. ಅವರಲ್ಲಿ ಹಲವರಿಗೆ ಸ್ವತಃ ಬರೆಯುವ ಅಭ್ಯಾಸವಿಲ್ಲ, ಕೈಯೂ ನಡುಗುತ್ತದೆ. ಈ ರಜೆಯಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಳ್ಳಿ. ದಿನಕ್ಕೆ ಅರ್ಧ ಗಂಟೆ ಅವರ ಬಳಿ ಕುಳಿತುಕೊಳ್ಳಿ. ನೆಂಟರ ಹೆಸರುಗಳಿಂದ ಆರಂಭಿಸಿ. ಆಮೇಲೆ ಊಟ, ಬಟ್ಟೆ, ಬೆಲೆ, ಕಾಯಿಲೆ, ಸಾಲ, ಶಾಲೆ. ಅವರು ‘ಅಯ್ಯೋ, ನಮ್ಮದೇನು ಮಹಾ ಕಥೆ, ಬಿಡು ಮಗಾ’ ಎನ್ನಬಹುದು. ಬಿಡಬೇಡಿ, ಇನ್ನೊಮ್ಮೆ ಕೇಳಿ. ಶಾಸನಗಳು ಮುಂದಿನ ವರ್ಷವೂ ಇದ್ದಲ್ಲೇ ಇರುತ್ತವೆ. ಅವರು ಇರುತ್ತಾರೆಂದು ಹೇಳಲಾಗದು.