ಮೌರಾ, ಪಾವ್ಲೊ
1932–2010. ಬ್ರೆಜಿಲ್ಲಿನ ಕ್ಲಾರಿನೆಟ್ ಮತ್ತು ಸ್ಯಾಕ್ಸೊಫೋನ್ ವಾದಕ. ಸಾವೊ ಪಾವ್ಲೊ ರಾಜ್ಯದ ಸಾವೊ ಜೋಸೆ ದೊ ರಿಯೊ ಪ್ರೆಟೊದಲ್ಲಿ ಜನನ, ತಂದೆಯೂ ವಾದಕ. ರಿಯೊ ಡಿ ಜನೈರೊದ ಮುನಿಸಿಪಲ್ ಥಿಯೇಟರಿನ ವಾದ್ಯವೃಂದದಲ್ಲಿ ಶಾಸ್ತ್ರೀಯ ಕೃತಿಗಳನ್ನು ನುಡಿಸುತ್ತಲೇ ಈತ ನೃತ್ಯಶಾಲೆಗಳ ಗಾಫಿಯೇರ ಸಂಗೀತವನ್ನೂ ಬಿಡಲಿಲ್ಲ. 1962ರಲ್ಲಿ ಪಿಯಾನೊ ವಾದಕ ಸೆರ್ಜಿಯೊ ಮೆಂಡೆಸನ ತಂಡದೊಡನೆ ನ್ಯೂಯಾರ್ಕಿಗೆ ಹೋಗಿ ಕಾರ್ನೆಗಿ ಹಾಲಿನ ಬೊಸಾನೋವಾ (ಸಾಂಬಾ, ಜಾಸ್ ಬೆರೆತ ಬ್ರೆಜಿಲ್ಲಿನ ಸಂಗೀತ) ಕಛೇರಿಯಲ್ಲಿ ನುಡಿಸಿದ. ಜಾಸ್ ವಾದಕ ಕ್ಯಾನನ್‌ಬಾಲ್ ಆಡರ್ಲಿಯ ಬೊಸಾನೋವಾ ಆಲ್ಬಮ್ಮಿನಲ್ಲೂ ಈತನ ವಾದನವಿದೆ. ಆದರೆ ನಿಜವಾದ ಸಾಧನೆ ಚೋರೊದಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ರಿಯೊದಲ್ಲಿ ಹುಟ್ಟಿದ ಈ ವಾದ್ಯಸಂಗೀತದಲ್ಲಿ ರಾಗದ ಎಳೆ ಬಹುಮಟ್ಟಿಗೆ ಗೊತ್ತಾದದ್ದು, ವಾದಕನ ಕೈಚಳಕ ಅಲಂಕಾರದಲ್ಲಿ. ಮೌರಾ ಅದಕ್ಕೆ ಜಾಸ್‌ನ ಮನೋಧರ್ಮವನ್ನು ಬೆಸೆದ, ಲಯವನ್ನು ಮಾತ್ರ ಸಾಂಬಾಕ್ಕೇ ಬಿಟ್ಟ. 1976ರ ‘ಕಾನ್‌ಫುಜಾವೊ ಉರ್ಬಾನ, ಸುಬುರ್ಬಾನ ಇ ರುರಾಲ್’ ಆಲ್ಬಮ್ ಇದಕ್ಕೆ ಒಳ್ಳೆಯ ಮಾದರಿ. ಚೋರೊದ ಮಹಾನ್ ರಚನಕಾರ ಪಿಶಿಂಗಿನ್ಯನ ಕೃತಿಗಳನ್ನು ಈತ ನುಡಿಸಿದ ಆಲ್ಬಮ್ಮಿಗೆ 2000ದಲ್ಲಿ ಲ್ಯಾಟಿನ್ ಗ್ರ್ಯಾಮಿ ಸಂದಿತು.