ನಗರ ಬೆಳವಣಿಗೆಯಲ್ಲಿ ನಿವೇಶನ ದಲ್ಲಾಳಿಯ ಹೊಣೆ

ನಗರ ಯಾವ ದಿಕ್ಕಿಗೆ ಬೆಳೆಯಬೇಕೆಂದು ನಕ್ಷೆಯ ಮೇಲೆ ಗೆರೆ ಎಳೆಯುವುದು ಯೋಜನಾ ಪ್ರಾಧಿಕಾರ. ಆದರೆ ನಿವೇಶನ ಕೊಳ್ಳಲು ಹೊರಟ ಕುಟುಂಬವನ್ನು ಸ್ಥಳಕ್ಕೆ ಕರೆದೊಯ್ದು, ಕಾಗದಪತ್ರ ತೋರಿಸಿ, ‘ಧೈರ್ಯವಾಗಿ ತೆಗೆದುಕೊಳ್ಳಿ’ ಎನ್ನುವವರು ಸ್ಥಳೀಯ ದಲ್ಲಾಳಿಗಳು. ಬೆಂಗಳೂರಿನ ಹೊರವಲಯದಲ್ಲಿ ಪ್ರಾಧಿಕಾರದ ನಕ್ಷೆಗಿಂತ ಈ ಮಾತಿಗೇ ಎಷ್ಟೋ ಬಾರಿ ಹೆಚ್ಚು ಬಲ ಬಂದಿದೆ. ‘ಸ್ಮಾರ್ಟ್ ಗ್ರೋತ್’ ಅಥವಾ ವಿವೇಚನೆಯ ನಗರ ಬೆಳವಣಿಗೆಯ ಚರ್ಚೆಯಲ್ಲಿ ರಿಯಲ್ ಎಸ್ಟೇಟ್ ವೃತ್ತಿಯವರ ಹೆಸರು ಬರುವುದು ಈ ಕಾರಣಕ್ಕೆ.

ಏನಿದು ಸ್ಮಾರ್ಟ್ ಗ್ರೋತ್?

ಈ ಪರಿಕಲ್ಪನೆ ಪ್ರಚಾರಕ್ಕೆ ಬಂದದ್ದು 1990ರ ದಶಕದ ಅಮೆರಿಕದಲ್ಲಿ. ಮೇರಿಲ್ಯಾಂಡ್ ರಾಜ್ಯ 1997ರಲ್ಲಿ ಇದೇ ಹೆಸರಿನಡಿ ಕಾನೂನುಗಳನ್ನು ತಂದಿತು. ರಸ್ತೆ, ನೀರು, ಒಳಚರಂಡಿ ಈಗಾಗಲೇ ಇರುವ ಪ್ರದೇಶಗಳಿಗೆ ಸರ್ಕಾರದ ಹಣ ಮೊದಲು ಸಲ್ಲಬೇಕು, ಕೃಷಿಭೂಮಿಯನ್ನು ನುಂಗುತ್ತಾ ಹರಡುವ ಬಡಾವಣೆಗಳಿಗಲ್ಲ ಎಂಬುದು ಅದರ ತಿರುಳು. ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಯೋಜನೆಯೇ ಬೇರೆ. ದಾವಣಗೆರೆ, ಬೆಳಗಾವಿ ಸೇರಿದಂತೆ ರಾಜ್ಯದ 7 ನಗರಗಳು ಆಯ್ಕೆಯಾಗಿದ್ದ ಆ ಯೋಜನೆ 2025ರ ಮಾರ್ಚ್‌ನಲ್ಲಿ ಮುಕ್ತಾಯವಾಯಿತು.

ಅಮೆರಿಕದ ರಿಯಲ್ಟರುಗಳ ರಾಷ್ಟ್ರೀಯ ಸಂಘ ಇಂದು ಸ್ಮಾರ್ಟ್ ಗ್ರೋತ್ ಕುರಿತು ನಿಯತಕಾಲಿಕ ಹೊರತರುತ್ತದೆ. ಪಾಳುಬಿದ್ದ ಜಾಗಗಳನ್ನು ಸಾರ್ವಜನಿಕ ತಾಣಗಳಾಗಿ ರೂಪಿಸಲು ಸ್ಥಳೀಯ ಸಂಘಗಳಿಗೆ ಅನುದಾನ ನೀಡುತ್ತದೆ. ಇದೇ ಸಂಘದ ಹಿಂದಿನ ಚರಿತ್ರೆ ಅಷ್ಟು ಶುಭ್ರವಲ್ಲ. 1924ರ ಅದರ ನೀತಿಸಂಹಿತೆ, ಆಸ್ತಿಯ ಬೆಲೆ ಇಳಿಸಬಹುದಾದ ಜನಾಂಗದವರನ್ನು ಒಂದು ನೆರೆಹೊರೆಗೆ ತರಬಾರದೆಂದು ಸದಸ್ಯರಿಗೆ ವಿಧಿಸಿತ್ತು. ವಸತಿಯಲ್ಲಿ ತಾರತಮ್ಯ ನಿಷೇಧಿಸಿದ 1968ರ ಕಾನೂನನ್ನೂ ಸಂಘ ವಿರೋಧಿಸಿತ್ತು. ಇದಕ್ಕಾಗಿ ಸಂಘದ ಅಧ್ಯಕ್ಷರು ಬಹಿರಂಗವಾಗಿ ಕ್ಷಮೆ ಕೋರಿದ್ದು 2020ರಲ್ಲಿ. ಯಾರಿಗೆ ಯಾವ ಬೀದಿಯ ಮನೆ ತೋರಿಸಬೇಕೆಂಬ ದಲ್ಲಾಳಿಯ ಸಣ್ಣ ನಿರ್ಧಾರವೂ ನಗರದ ಸ್ವರೂಪವನ್ನು ತಲೆಮಾರುಗಳವರೆಗೆ ಬದಲಿಸಬಲ್ಲದು. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬಾಡಿಗೆ ಫಲಕಗಳನ್ನು ಕಂಡಿರುವ ಬೆಂಗಳೂರಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ರೆವಿನ್ಯೂ ಸೈಟುಗಳ ಪಾಠ

1898ರ ಪ್ಲೇಗ್‌ನ ನಂತರ ರೂಪುಗೊಂಡ ಬಸವನಗುಡಿ ಹಾಗೂ ಮಲ್ಲೇಶ್ವರಗಳಲ್ಲಿ ರಸ್ತೆ, ಉದ್ಯಾನಗಳ ಜಾಗ ಮೊದಲೇ ನಿಗದಿಯಾಗಿತ್ತು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಸ್ಥಾಪನೆಯಾಯಿತು. ಆದರೆ ಅದು ಹಂಚಿದ ನಿವೇಶನಗಳು ಬೇಡಿಕೆಗೆ ಎಂದೂ ಸಾಲಲಿಲ್ಲ. ಆ ಅಂತರವನ್ನು ತುಂಬಿದ್ದು ರೆವಿನ್ಯೂ ಸೈಟುಗಳು: ಭೂಪರಿವರ್ತನೆಯಾಗದ, ಇಲ್ಲವೇ ಬಡಾವಣೆ ನಕ್ಷೆಗೆ ಅನುಮೋದನೆ ಪಡೆಯದ ಹೊಲಗಳಲ್ಲಿ ಸುಣ್ಣದ ಗೆರೆ ಎಳೆದು ಮಾರಿದ ತುಂಡುಗಳು.

ಅನುಮೋದಿತ ಬಡಾವಣೆಯಲ್ಲಿ ಉದ್ಯಾನ ಹಾಗೂ ನಾಗರಿಕ ಸೌಲಭ್ಯಗಳಿಗೆ ಜಾಗ ಬಿಡುವುದು ಕಡ್ಡಾಯ. ರೆವಿನ್ಯೂ ಬಡಾವಣೆಯಲ್ಲಿ ಆ ಜಾಗವೂ ಸೈಟಾಗಿ ಮಾರಾಟವಾಗುತ್ತದೆ, ಬೆಲೆ ಅಗ್ಗವಾಗಿರುವುದರ ಗುಟ್ಟು ಬಹುಮಟ್ಟಿಗೆ ಇಷ್ಟೇ. ಕೊಂಡವರಿಗೆ ಬ್ಯಾಂಕ್ ಸಾಲ, ಕಟ್ಟಡ ಪರವಾನಗಿ ಎಲ್ಲವೂ ತೊಡಕು. ಇಂಥ ಆಸ್ತಿಗಳನ್ನು ದಂಡ ಪಡೆದು ಸಕ್ರಮಗೊಳಿಸುವ ‘ಅಕ್ರಮ–ಸಕ್ರಮ’ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿದಾಗ, ಜೀವಮಾನದ ಉಳಿತಾಯ ಹಾಕಿದ್ದ ಸಾವಿರಾರು ಕುಟುಂಬಗಳು ಅತಂತ್ರವಾದವು.

ಹಣಕ್ಕಿಂತ ದೊಡ್ಡ ನಷ್ಟವೂ ಉಂಟು. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಸರ್ಜಾಪುರ ರಸ್ತೆ ಭಾಗದ ನಿವಾಸಿಗಳನ್ನು ಟ್ರ್ಯಾಕ್ಟರ್ ಹಾಗೂ ದೋಣಿಗಳಲ್ಲಿ ಸಾಗಿಸಬೇಕಾಯಿತು. ಅಲ್ಲಿ ಮುಳುಗಿದ್ದರಲ್ಲಿ ಬಡವರ ಗುಡಿಸಲುಗಳಷ್ಟೇ ಅಲ್ಲ, ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳೂ ಇದ್ದವು. ಕೆರೆಯಿಂದ ಕೆರೆಗೆ ನೀರು ಹರಿಯುವ ರಾಜಕಾಲುವೆಯ ದಾರಿ ಗ್ರಾಮನಕ್ಷೆಯಲ್ಲಿ ಗುರುತಾಗಿರುತ್ತದೆ. ಸರ್ವೆ ನಂಬರ್ ಸಹಿತ ಇದನ್ನು ಮೊಬೈಲಿನಲ್ಲೇ ತೋರಿಸುವ ಸರ್ಕಾರದ ‘ದಿಶಾಂಕ್’ ಆ್ಯಪ್ ಇದೆ. ಸ್ಥಳ ತೋರಿಸುವಾಗಲೇ ಅದನ್ನು ತೆರೆದು, ಪಹಣಿ, ಋಣಭಾರ ಪ್ರಮಾಣಪತ್ರ, ಭೂಪರಿವರ್ತನೆ ಆದೇಶ, ಅನುಮೋದಿತ ನಕ್ಷೆಗಳನ್ನು ಗ್ರಾಹಕರ ಮುಂದಿಡುವ ದಲ್ಲಾಳಿ, ಒಂದು ವ್ಯವಹಾರ ಕಳೆದುಕೊಂಡರೂ ಒಂದು ಕಾಲುವೆಯನ್ನು ಉಳಿಸಿರುತ್ತಾನೆ. ಶೇ 1 ಅಥವಾ 2ರಷ್ಟು ಕಮಿಷನ್ ಮೇಲೆ ಬದುಕುವವರಿಗೆ ಇದು ಸುಲಭದ ಮಾತಲ್ಲ ಎಂಬುದೂ ನಿಜ.

ರೇರಾ ಹಾಕಿದ ಕಟ್ಟುಪಾಡು

2016ರ ರಿಯಲ್ ಎಸ್ಟೇಟ್ ಕಾಯ್ದೆ (ರೇರಾ) ಹಾಗೂ ರಾಜ್ಯದ 2017ರ ನಿಯಮಗಳು ದಲ್ಲಾಳಿಯನ್ನು ಮೊದಲ ಬಾರಿಗೆ ಕಾನೂನಿನ ಚೌಕಟ್ಟಿಗೆ ತಂದವು. ನೋಂದಾಯಿತ ಯೋಜನೆಯಲ್ಲಿ ಮಾರಾಟಕ್ಕೆ ನೆರವಾಗುವ ಏಜೆಂಟ್ ತಾನೂ ನೋಂದಣಿ ಪಡೆದಿರಬೇಕು, ಪ್ರತಿ ವ್ಯವಹಾರದಲ್ಲಿ ಆ ಸಂಖ್ಯೆ ನಮೂದಿಸಬೇಕು, ಲೆಕ್ಕಪತ್ರ ಇಡಬೇಕು. ನೋಂದಣಿಯಾಗದ ಯೋಜನೆಯನ್ನು ಮಾರಿಕೊಡುವಂತಿಲ್ಲ. ತಪ್ಪಿದರೆ ದಿನಕ್ಕೆ ₹10 ಸಾವಿರದಂತೆ, ಆಸ್ತಿ ಬೆಲೆಯ ಶೇ 5ರವರೆಗೆ ದಂಡವಿದೆ. ನಿರ್ಮಾಣ ಸಂಸ್ಥೆಯು ಗ್ರಾಹಕರಿಂದ ಬಂದ ಹಣದ ಶೇ 70ನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಅದೇ ಯೋಜನೆಗೆ ಬಳಸಬೇಕು.

ಕಾಯ್ದೆಯ ಕೈಗೆ ಸಿಗದ ವ್ಯವಹಾರಗಳೂ ಇವೆ. ಜಾಗ 500 ಚದರ ಮೀಟರ್ ಮೀರದ ಅಥವಾ 8ಕ್ಕಿಂತ ಹೆಚ್ಚು ಫ್ಲ್ಯಾಟ್ ಇಲ್ಲದ ಯೋಜನೆಗೆ ನೋಂದಣಿ ಬೇಡ. ಹಳೆಯ ಮನೆಯ ಮರುಮಾರಾಟ, ಬಾಡಿಗೆ ವ್ಯವಹಾರ ಮಾಡುವ ದಲ್ಲಾಳಿಗೂ ಬೇಡ.

ಹಳೆಯ ಬಡಾವಣೆಗಳಿಗೆ ಮರುಜೀವ

ಸ್ಮಾರ್ಟ್ ಗ್ರೋತ್‌ಗೆ ಹೆಚ್ಚು ಅವಕಾಶವಿರುವುದು ಕಾಯ್ದೆಯ ಕಣ್ಣು ತಲುಪದ ಇದೇ ಹಳೆಯ ಬಡಾವಣೆಗಳಲ್ಲಿ. ನೀರು, ಒಳಚರಂಡಿ, ಬಸ್ಸು, ಮೆಟ್ರೊ ಇರುವ ಕಡೆ ಹೆಚ್ಚು ಮನೆಗಳಾದರೆ ಹೊರವಲಯದ ಹೊಲಗಳ ಮೇಲಿನ ಒತ್ತಡ ತಗ್ಗುತ್ತದೆ. ಮಕ್ಕಳು ವಿದೇಶದಲ್ಲಿರುವ ವೃದ್ಧ ದಂಪತಿಯ ಮನೆ, ಪಾಲಾಗದೆ ಬೀಗ ಬಿದ್ದಿರುವ ಅಣ್ಣತಮ್ಮಂದಿರ ಮನೆ ಎಲ್ಲಿವೆ ಎಂಬುದು ಬೀದಿಯ ದಲ್ಲಾಳಿಗೆ ಗೊತ್ತು. ಅಕ್ಕಪಕ್ಕದ ಇಬ್ಬರು ಮೂವರು ಮಾಲೀಕರನ್ನು ಒಪ್ಪಿಸಿ, ನಿರ್ಮಾಣಕಾರರೊಂದಿಗೆ ಜಂಟಿ ಅಭಿವೃದ್ಧಿ ಒಪ್ಪಂದ ಮಾಡಿಸುವುದು ಅವನಿಂದಲೇ ಸಾಧ್ಯ. ಆದರೆ ನಿಯಮ ಮೀರಿ ಅಂತಸ್ತು ಏರಿಸಿ, ವಾಹನ ನಿಲುಗಡೆಯ ಜಾಗವನ್ನು ಅಂಗಡಿಗೆ ಕೊಟ್ಟರೆ ಅದೇ ಬೀದಿ ಉಸಿರುಗಟ್ಟುತ್ತದೆ. ಮಲ್ಲೇಶ್ವರ, ಬಸವನಗುಡಿಗಳ ಅಡ್ಡರಸ್ತೆಗಳಲ್ಲಿ ಎರಡೂ ಬಗೆಯ ಕಟ್ಟಡಗಳು ಈಗ ಅಕ್ಕಪಕ್ಕದಲ್ಲೇ ನಿಂತಿವೆ.