ಎಲೆ ಮೈಸೂರಿನದು, ಪಟ ಪುಣೆಯದು, ನಿಯಮ ಯಾರದು?



ಶನಿವಾರ ಸಂಜೆ ಔಂಧ್ ಅಥವಾ ಬಾಣೇರ್ ಕಡೆಯ ಯಾವುದಾದರೂ ಫ್ಲ್ಯಾಟಿಗೆ ಹೋದರೆ ನೀವೂ ಇದನ್ನು ನೋಡಿರಬಹುದು. ಐದಾರು ಐಟಿ ಹುಡುಗ ಹುಡುಗಿಯರು ಟೇಬಲ್ ಸುತ್ತ ಕೂತಿರುತ್ತಾರೆ. ನಡುವೆ ಇಪ್ಪತ್ತು ಮುಖದ ಒಂದು ದಾಳ, ಪಕ್ಕದಲ್ಲಿ ದಪ್ಪ ದಪ್ಪ ಪುಸ್ತಕಗಳು. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 'ಆಟ ಆಡೋಕೆ ಇಷ್ಟೊಂದು ಪುಸ್ತಕ ಯಾಕಪ್ಪಾ?' ಅಂತ ನೀವು ಕೇಳಿದರೆ, 'ಇದು ಮೂಲ ನಿಯಮ, ಉಳಿದವೆಲ್ಲ ಸಪ್ಲಿಮೆಂಟು ಅಂಕಲ್' ಎಂಬ ಉತ್ತರ ಬರುತ್ತದೆ.

ಅಲ್ಲಿಗೇ ಬಂತು ನೋಡಿ ನಮ್ಮ ಇವತ್ತಿನ ವಿಷಯ. ಆಟವನ್ನು ಕಟ್ಟುವುದು ಒಂದು ಕೆಲಸ. ಅದರ ನಿಯಮವನ್ನು ಯಾರ ಕೈಗೆ, ಯಾವ ರೂಪದಲ್ಲಿ, ಎಷ್ಟು ಕಂತಿನಲ್ಲಿ ಕೊಡಬೇಕು ಎನ್ನುವುದು ಬೇರೆಯೇ ಕೆಲಸ. ಎಷ್ಟೋ ಆಟಗಳು ಉಳಿದದ್ದೂ ಅಳಿದದ್ದೂ ಈ ಎರಡನೆಯ ಕೆಲಸದಿಂದಲೇ. ಅಮೆರಿಕದವರು ಇದನ್ನು ಕಳೆದ ಐವತ್ತು ವರ್ಷಗಳಲ್ಲಿ ಕಲಿತರು. ನಮ್ಮ ಮೈಸೂರಿನ ಮಹಾರಾಜರೊಬ್ಬರು ಅದಕ್ಕೂ ನೂರು ವರ್ಷ ಹಿಂದೆ ಇದೇ ಪಾಠದ ಮುಂದೆ ಕೂತಿದ್ದರು ಎಂದರೆ ನಂಬುತ್ತೀರಾ?

ಮುಮ್ಮಡಿ ಕೃಷ್ಣರಾಜ ಒಡೆಯರ್ ಪಟ್ಟಕ್ಕೆ ಬಂದದ್ದು 1799ರಲ್ಲಿ, ಇನ್ನೂ ಚಿಕ್ಕ ಬಾಲಕ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಅವರ ಕೈಯಿಂದ ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅವರು ರಾಜ್ಯಭಾರವಿಲ್ಲದ ರಾಜರು. ಸಂಗೀತ, ಸಾಹಿತ್ಯ, ಚಿತ್ರ, ಜೊತೆಗೆ ಆಟ... ಇವುಗಳಲ್ಲೇ ಮನಸ್ಸು ನೆಟ್ಟರು. ಚದುರಂಗದ ಕುದುರೆ ಪ್ರತಿ ಮನೆಯನ್ನೂ ಒಂದೇ ಒಂದು ಸಲ ಮುಟ್ಟುವಂತೆ ಓಡಿಸುವ ಪಟಗಳನ್ನು ರಚಿಸಿದರು. ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಯ ಮೇಲೆ ಅಂಥ ಆಟದ ಪಟಗಳು ಚಿತ್ರಗಳಾಗಿ ಕೂತಿವೆ. ಮೈಸೂರಿಗೆ ಹೋದಾಗ ಮೇಲಂತಸ್ತಿಗೆ ಹತ್ತುವುದನ್ನು ಮರೆಯಬೇಡಿ.

ಅವರ ದೊಡ್ಡ ಸಾಹಸ ಗಂಜೀಫಾ ಎಲೆಗಳದ್ದು. ಮೊಘಲರ ಗಂಜೀಫಾದಲ್ಲಿ ಎಂಟು ಬಣ್ಣ, 96 ಎಲೆ. ದಶಾವತಾರದ ಕಟ್ಟಿನಲ್ಲಿ ಹತ್ತು ಬಣ್ಣ, 120 ಎಲೆ. ಮುಮ್ಮಡಿಯವರಿಗೆ ಅಷ್ಟು ಸಾಲಲಿಲ್ಲ. 'ಛಾದ್' ಎಂಬ ಹೆಸರಿನಲ್ಲಿ ಹತ್ತಕ್ಕೂ ಹೆಚ್ಚು ಹೊಸ ಆಟಗಳನ್ನು ಕಟ್ಟಿದರು. ನವಗ್ರಹಗಳಿಗೊಂದು ಕಟ್ಟು, ಚಾಮುಂಡೇಶ್ವರಿಗೊಂದು, ರಾಮನಿಗೊಂದು. ರಾಜ ಮಂತ್ರಿ ಎರಡೇ ಇದ್ದ ಜಾಗದಲ್ಲಿ ಇನ್ನೂ ಹಲವು ದರ್ಬಾರಿ ಎಲೆಗಳು ಬಂದವು. ಎಲ್ಲಕ್ಕಿಂತ ದೊಡ್ಡ ಕಟ್ಟಿನಲ್ಲಿ 360 ಎಲೆ! ಪ್ರತಿಯೊಂದೂ ಕೈಯಲ್ಲಿ ಬರೆದದ್ದು.

ಇವುಗಳ ವಿವರ ಎಲ್ಲಿದೆ? 'ಶ್ರೀತತ್ತ್ವನಿಧಿ' ಎಂಬ ಬೃಹತ್ ಗ್ರಂಥದ ಒಂಬತ್ತನೆಯ ಹಾಗೂ ಕೊನೆಯ ಭಾಗವಾದ 'ಕೌತುಕನಿಧಿ'ಯಲ್ಲಿ. ಅದೇ ಭಾಗದಲ್ಲಿ 122 ಯೋಗಾಸನಗಳೂ ಇವೆ. ನಾರ್ಮನ್ ಸ್ಜೋಮನ್ ಎಂಬ ವಿದ್ವಾಂಸರು 1996ರಲ್ಲಿ ಮೈಸೂರು ಅರಮನೆಯ ಯೋಗಪರಂಪರೆ ಕುರಿತ ತಮ್ಮ ಪುಸ್ತಕದಲ್ಲಿ ಅವನ್ನು ಪ್ರಕಟಿಸಿದ ಮೇಲೆ ಲೋಕವೆಲ್ಲ ಆಸನಗಳ ಕಡೆ ತಿರುಗಿ ನೋಡಿತು. ಎಲೆಗಳ ಕಡೆ ಬಂದವರು ಬೆರಳೆಣಿಕೆಯಷ್ಟು ಜನ. ಮುಂಬಯಿಯಲ್ಲಿ ನೆಲೆಸಿದ್ದ ಜರ್ಮನ್ ಕಲಾವಿಮರ್ಶಕ ರೂಡಿ ಫಾನ್ ಲೇಡನ್ ಛಾದ್ ಬಗ್ಗೆ ಬರೆದರು. ಮೈಸೂರಿನ ರಘುಪತಿ ಭಟ್ಟರು ಗಂಜೀಫಾ ಚಿತ್ರಕಲೆಗೆ ಮತ್ತೆ ಜೀವ ಕೊಟ್ಟರು. ಆದರೆ ಆಡುವವರು?

ಯೋಚಿಸಿ ನೋಡಿ. ಎಲೆಗಳಿದ್ದದ್ದು ಅರಮನೆಯಲ್ಲಿ. ನಿಯಮ ಇದ್ದದ್ದು ಹಸ್ತಪ್ರತಿಯಲ್ಲಿ. ಒಂದು ಆಟ ಕಲಿತವನಿಗೆ ಇನ್ನೊಂದಕ್ಕೆ ಹೊಸ ಕಟ್ಟು ಬೇಕು, ಹೊಸ ಲೆಕ್ಕ ಬೇಕು. ಸಪ್ಲಿಮೆಂಟ್ ಮೇಲೆ ಸಪ್ಲಿಮೆಂಟ್, ಆದರೆ ಮೂಲ ಆಟ ಊರವರ ಕೈಗೆ ಸೇರಲೇ ಇಲ್ಲ. ಮಹಾರಾಜರನ್ನು ದೂರುತ್ತಿಲ್ಲ, ಅವರೇನೂ ವ್ಯಾಪಾರಕ್ಕೆ ಕೂತವರಲ್ಲ. ಆದರೂ ಇಂಥ ಕಲ್ಪನೆ ಅರಮನೆಯ ಬಾಗಿಲು ದಾಟಲಿಲ್ಲವಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತದೆ.

ಈಗ ವ್ಯಾಪಾರಕ್ಕೆ ಕೂತವರ ಕಥೆ ಕೇಳಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಬಂದದ್ದು ಒಂದು ಪೆಟ್ಟಿಗೆ, ಅದರೊಳಗೆ ಮೂರು ಪುಟ್ಟ ಪುಸ್ತಕ. ಮೊದಲ ಮುದ್ರಣ ಬರೀ ಒಂದು ಸಾವಿರ ಪ್ರತಿ. ಮರುವರ್ಷವೇ ಮೊದಲ ಸಪ್ಲಿಮೆಂಟ್ ಬಂತು. 1990ರ ದಶಕದ ಹೊತ್ತಿಗೆ ಟಿಎಸ್ಆರ್ ಕಂಪನಿ ಎಷ್ಟೊಂದು ಕಲ್ಪನಾಲೋಕಗಳನ್ನು ಮುದ್ರಿಸಿತ್ತೆಂದರೆ, ಒಂದು ಲೋಕದ ಪುಸ್ತಕ ಕೊಂಡವನು ಇನ್ನೊಂದರ ಪುಸ್ತಕ ಕೊಳ್ಳುತ್ತಿರಲಿಲ್ಲ. ಗಿರಾಕಿಗಳು ಹಂಚಿಹೋದರು, ಪುಸ್ತಕ ಗೋದಾಮಿನಲ್ಲಿ ಉಳಿಯಿತು. 1997ರಲ್ಲಿ ವಿಝರ್ಡ್ಸ್ ಆಫ್ ದ ಕೋಸ್ಟ್ ಆ ಕಂಪನಿಯನ್ನೇ ಕೊಂಡುಕೊಂಡಿತು.

ಹೊಸ ಮಾಲೀಕರು 2000ದಲ್ಲಿ ಮಾಡಿದ್ದು ಆಗ ಹುಚ್ಚುತನದಂತೆ ಕಂಡಿರಬೇಕು. ಮೂಲ ನಿಯಮಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ಯಾರು ಬೇಕಾದರೂ ಅದರ ಮೇಲೆ ಸಪ್ಲಿಮೆಂಟ್ ಬರೆದು ಮಾರಬಹುದು! ಲೆಕ್ಕಾಚಾರ ಸರಳ: ಲಾಭ ಕಡಿಮೆಯ ಸಣ್ಣ ಪುಸ್ತಕಗಳನ್ನು ಬೇರೆಯವರು ಮಾಡಲಿ, ಅವನ್ನು ಕೊಂಡವರಿಗೆಲ್ಲ ನಮ್ಮ ಮೂಲ ಪುಸ್ತಕ ಬೇಕೇ ಬೇಕಾಗುತ್ತದೆ. ನಡುವೆ ಕಂಪನಿಯ ಮನಸ್ಸು ಬದಲಾಗಿ 2008ರ ಆವೃತ್ತಿಗೆ ಬಿಗಿ ಷರತ್ತು ಹಾಕಿದಾಗ, ಪೈಝೋ ಎಂಬ ಸಣ್ಣ ಸಂಸ್ಥೆ ಹಳೆಯ ಮುಕ್ತ ನಿಯಮಗಳನ್ನೇ ಹಿಡಿದು 2009ರಲ್ಲಿ ಪಾತ್‌ಫೈಂಡರ್ ಎಂಬ ತನ್ನದೇ ಆಟ ತಂದು ಸೆಡ್ಡು ಹೊಡೆಯಿತು. 2023ರ ಜನವರಿಯಲ್ಲಿ ಮತ್ತೆ ಪರವಾನಗಿ ಬಿಗಿಗೊಳಿಸಲು ಹೊರಟ ಸುದ್ದಿ ಹೊರಬಿದ್ದಾಗ ಆಟಗಾರರು ಎದ್ದು ನಿಂತರು. ಅದೇ ತಿಂಗಳ ಕೊನೆಗೆ ಕಂಪನಿ ಮೂಲ ನಿಯಮಗಳ ಪಠ್ಯವನ್ನು ಕ್ರಿಯೇಟಿವ್ ಕಾಮನ್ಸ್‌ಗೆ ಒಪ್ಪಿಸಿತು. ಇನ್ನು ಹಿಂದಕ್ಕೆ ಪಡೆಯುವಂತಿಲ್ಲ.

ಇದೆಲ್ಲ ಅಮೆರಿಕದ ಮಾತಾಯಿತು, ನಮ್ಮ ಪುಣೆಗೆ ಬನ್ನಿ. ನಿಯಮವನ್ನು ಯಾರು ಅಚ್ಚು ಹಾಕುತ್ತಾರೋ ಹೆಸರು ಅವರದ್ದೇ ಆಗುತ್ತದೆ ಎನ್ನುವುದು ಈ ಊರಿಗೆ ಚೆನ್ನಾಗಿ ಗೊತ್ತು. ಇಲ್ಲಿನ ದಂಡಿನ ಅಧಿಕಾರಿಗಳು ಆಡುತ್ತಿದ್ದ ಶಟಲ್ ಆಟಕ್ಕೆ ಒಂದು ಕಾಲದಲ್ಲಿ 'ಪೂನಾ' ಎಂದೇ ಹೆಸರಿತ್ತು. ಇಂಗ್ಲೆಂಡಿನಲ್ಲಿ 1893ರಲ್ಲಿ ಸಂಘ ಕಟ್ಟಿ ನಿಯಮ ಹೊರಡಿಸಿದವರು ಅದನ್ನು ಬ್ಯಾಡ್ಮಿಂಟನ್ ಎಂದರು. ಮುಗಿಯಿತು!

ಟೇಬಲ್ ಮೇಲಿನ ಆಟಕ್ಕೂ ಹಾಗೆಯೇ ಆದದ್ದುಂಟು. ನಮ್ಮ ಮರಾಠಿ ನೆರೆಯವರು 'ಮೋಕ್ಷಪಟ'ವನ್ನು ಸಂತ ಜ್ಞಾನೇಶ್ವರರೇ ಮಾಡಿದರು ಎಂದು ನಂಬುತ್ತಾರೆ. ನಾವು ಅದನ್ನೇ ಪರಮಪದ ಸೋಪಾನಪಟ ಎನ್ನುತ್ತೇವೆ. ಜಾಕೊಬ್ ಶ್ಮಿಟ್-ಮಾಡ್ಸನ್ ಎಂಬ ಡೆನ್ಮಾರ್ಕಿನ ಸಂಶೋಧಕರು ಪಶ್ಚಿಮ ಭಾರತದ 18, 19ನೆಯ ಶತಮಾನದ ಪಟಗಳ ಬೆನ್ನು ಹತ್ತಿ 2019ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಲ್ಲಿಸಿದರು. ಜ್ಞಾನೇಶ್ವರರ ಕಾಲದ ಪಟವಂತೂ ಯಾರ ಕೈಯಲ್ಲೂ ಇಲ್ಲ, ನಂಬಿಕೆ ನಂಬಿಕೆಯಾಗಿಯೇ ಇರಲಿ. ಆಟದ ಜಾಣತನ ಇರುವುದು ಬೇರೆ ಕಡೆ. ಅದಕ್ಕೆ ನಿಯಮದ ಪುಸ್ತಕವೇ ಬೇಡ. ಪ್ರತಿ ಮನೆಯಲ್ಲೂ ಹೆಸರು ಬರೆದಿರುತ್ತದೆ: ಇದು ದಾನ, ಏಣಿ ಹತ್ತು. ಇದು ಮತ್ಸರ, ಹಾವು ನುಂಗಿತು. ಪಟ ಕೊಂಡರೆ ನಿಯಮವೂ ಜೊತೆಗೇ ಮನೆಗೆ ಬಂತು. ನಕಲು ಮಾಡಿಕೊಂಡವನು ತನ್ನ ಸಂಪ್ರದಾಯಕ್ಕೆ ತಕ್ಕಂತೆ ಹೆಸರು ಬದಲಿಸಿಕೊಂಡ. ವೈಷ್ಣವರ ಪಟಗಳಲ್ಲಿ 72 ಮನೆ ಕಾಣುತ್ತದೆ, ಜೈನರಲ್ಲಿ 84. ಸಪ್ಲಿಮೆಂಟ್ ಬರೆಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಹಾಗಾಗಿ ಅದು ವೈಕುಂಠ ಏಕಾದಶಿಯ ಜಾಗರಣೆಗೂ ಬಂತು, ಬ್ರಿಟಿಷರ ಪೆಟ್ಟಿಗೆ ಸೇರಿ ಹಡಗನ್ನೂ ಹತ್ತಿತು. ಲಂಡನ್ನಿನ ಎಫ್. ಎಚ್. ಏರ್ಸ್ 1892ರಲ್ಲಿ ಹಾವು ಏಣಿಯನ್ನು ನೋಂದಾಯಿಸಿದರು. ಅಮೆರಿಕದ ಮಿಲ್ಟನ್ ಬ್ರಾಡ್ಲಿ 1943ರಲ್ಲಿ ಹಾವನ್ನು ಜಾರುಬಂಡಿ ಮಾಡಿತು. ನಮ್ಮ ಪೇಟೆಯಲ್ಲಿ ಈಗ ಸಿಗುವ ಪ್ಲಾಸ್ಟಿಕ್ ಪಟದಲ್ಲಿ ಒಂದರಿಂದ ನೂರರವರೆಗೆ ಅಂಕಿ ಮಾತ್ರ. ಮತ್ಸರವೂ ಇಲ್ಲ, ದಾನವೂ ಇಲ್ಲ. ಆಟ ಉಳಿಯಿತು, ಅದರ ಮಾತು ಹೋಯಿತು.

ಅಂದ ಹಾಗೆ, ಪುಣೆಯಿಂದ ಗೋವಾಕ್ಕೆ ಹೋಗುವವರು ಸಾವಂತವಾಡಿಯಲ್ಲಿ ಇಳಿದರೆ ಅಲ್ಲಿನ ಅರಮನೆಯಲ್ಲಿ ಇವತ್ತಿಗೂ ಗಂಜೀಫಾ ಎಲೆ ಬರೆಯುವುದನ್ನು ನೋಡಬಹುದು. ಕೊಂಡವರಲ್ಲಿ ಎಷ್ಟೋ ಜನ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ.

ಇನ್ನು ನಮ್ಮ ಮನೆಗಳಲ್ಲೇ ಒಂದು ಆಟವಿದೆ, ಚೌಕಾಬಾರ. ಮರಾಠಿಯಲ್ಲಿ ಚಲ್ಲಸ್ ಆಠ್ ಅನ್ನುತ್ತಾರೆ, ತೆಲುಗಿನಲ್ಲಿ ಅಷ್ಟಾಚಮ್ಮ. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ನಾಲ್ಕು, ಬೋರಲು ಬಿದ್ದರೆ ಎಂಟು, ಇಷ್ಟರಲ್ಲಿ ಜಗಳವಿಲ್ಲ. ಆದರೆ ಒಂದಾದರೂ ಕಾಯಿ ಹೊಡೆಯದೆ ಒಳಮನೆಗೆ ಹೋಗಬಹುದೇ? ಧಾರವಾಡದ ಅಜ್ಜಿಗೂ ಹಾಸನದ ಅಜ್ಜಿಗೂ ಒಂದೇ ಉತ್ತರ ಇರಲಿಕ್ಕಿಲ್ಲ. ನಿಮ್ಮ ಮನೆಯಲ್ಲಿ ಯಾವುದು? ಇವತ್ತು ರಾತ್ರಿ ಊರಿಗೆ ಫೋನ್ ಮಾಡಿದಾಗ ಕೇಳಿ, ಒಂದು ಕಾರ್ಡಿನಲ್ಲಿ ಬರೆದು ನಮಗೂ ಕಳಿಸಿ.